ಸವಕಳಿಯಾದ ವಿಮಾನಕ್ಕೂ ಬೆಲೆಯುಂಟು

ಯಲಹಂಕದ ವಾಯುಪಡೆ ನೆಲೆಯಲ್ಲಿ 1996ರಿಂದ ನಡೆಯುತ್ತ ಬಂದಿರುವ ಏರೋ ಇಂಡಿಯಾ ಪ್ರದರ್ಶನವು ನಮ್ಮ ಭಾಗದ ಜನರಿಗೆ ಎರಡು ವರ್ಷಗಳಿಗೊಮ್ಮೆ ಬರುವ ಜಾತ್ರೆಯಂತಾಗಿದೆ. 15ನೆಯ ಪ್ರದರ್ಶನವು 2025ರ ಫೆಬ್ರುವರಿ 10ರಿಂದ 14ರವರೆಗೆ ನಡೆಯಿತು. ಮಾಕಳಿದುರ್ಗದ ಬೆಟ್ಟವೇರಿ, ಕೆಳಗೆ ತಿರುವಿನಲ್ಲಿ ಸಾಗುವ ರೈಲಿನ ಚಿತ್ರ ತೆಗೆಯಲು ಗಂಟೆಗಟ್ಟಲೆ ಕಾಯುವ ಹವ್ಯಾಸಿಗಳನ್ನು ನಾವು ಬಲ್ಲೆವು. ಅದೇ ಬಗೆಯ ತಾಳ್ಮೆಯುಳ್ಳವರು ಯಲಹಂಕದಲ್ಲಿ ಆಕಾಶದತ್ತ ಕ್ಯಾಮೆರಾ ಹಿಡಿದು ನಿಲ್ಲುತ್ತಾರೆ. ಅವರಲ್ಲಿ ಅನೇಕರಿಗೆ ಹೊಸ ಯುದ್ಧವಿಮಾನಕ್ಕಿಂತ ಹಳೆಯ ವಿಮಾನದ ಮೇಲೆಯೇ ಹೆಚ್ಚು ಒಲವು. ವ್ಯಾಪಾರಸ್ಥರಾದ ನಾವು ಈ ಒಲವನ್ನು ಬರಿಯ ಹುಚ್ಚೆಂದು ತಳ್ಳಿಹಾಕದೆ, ಅದರ ಹಿಂದಿರುವ ಉದ್ಯಮವನ್ನು ಗಮನಿಸಬೇಕೆಂಬುದು ಈ ಲೇಖನದ ಆಶಯ.

ಲೆಕ್ಕ ಪರಿಶೋಧಕನ ದೃಷ್ಟಿಯಲ್ಲಿ ವಿಮಾನವು ಬಹುಬೇಗ ಕರಗುವ ಆಸ್ತಿ. 1962ರ ಆದಾಯ ತೆರಿಗೆ ನಿಯಮಗಳು ವಿಮಾನಕ್ಕೆ ಶೇ. 40ರ ಸವಕಳಿ ದರವನ್ನು ಗೊತ್ತುಪಡಿಸಿದ್ದವು. ಆ ಲೆಕ್ಕದಂತೆ ಒಂದು ಕೋಟಿ ರೂಪಾಯಿಯ ವಿಮಾನವು 5 ವರ್ಷಗಳಲ್ಲಿ ಸುಮಾರು 7.78 ಲಕ್ಷಕ್ಕೂ, 10 ವರ್ಷಗಳಲ್ಲಿ ಸುಮಾರು 60 ಸಾವಿರಕ್ಕೂ ಇಳಿಯುತ್ತದೆ. 2013ರ ಕಂಪನಿ ಕಾಯ್ದೆಯ ಎರಡನೆಯ ಅನುಸೂಚಿಯೂ ವಿಮಾನದ ಉಪಯುಕ್ತ ಆಯುಷ್ಯವನ್ನು 20 ವರ್ಷವೆಂದೇ ಹೇಳುತ್ತದೆ. ಲಾಭವನ್ನು ಸರಿಯಾಗಿ ಅಳೆಯಲು ಈ ಕ್ರಮ ಅವಶ್ಯಕವೆಂಬುದು ನಿರ್ವಿವಾದ. ಆದರೆ ಅಢಾವೆ ಪತ್ರಿಕೆಯಲ್ಲಿ ಶೂನ್ಯವಾದುದು ಲೋಕದಲ್ಲಿಯೂ ಶೂನ್ಯವೆಂದು ತಿಳಿದರೆ ನಷ್ಟ ನಮಗೇ.

ಇದಕ್ಕೆ ಬೆಂಗಳೂರಿನಲ್ಲಿಯೇ ಉತ್ತಮ ನಿದರ್ಶನವಿದೆ. ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಸಹಯೋಗದೊಡನೆ 1940ರಲ್ಲಿ ಸ್ಥಾಪಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯು ಎರಡನೆಯ ಮಹಾಯುದ್ಧದ ಕಾಲದಲ್ಲಿ ಮಿತ್ರರಾಷ್ಟ್ರಗಳ ವಿಮಾನಗಳನ್ನು ದುರಸ್ತಿ ಮಾಡುತ್ತಿತ್ತು. ಯುದ್ಧ ಮುಗಿದ ಬಳಿಕ ಬಿ-24 ಲಿಬರೇಟರ್ ಬಾಂಬರುಗಳನ್ನು ಯಾರೂ ಮತ್ತೆ ಬಳಸದಂತೆ ಹಾನಿಗೊಳಿಸಿ ಕಾನ್ಪುರದಲ್ಲಿ ತೊರೆಯಲಾಗಿತ್ತು. ಆ ಗುಜರಿಯ ರಾಶಿಯಿಂದ 40ರ ಆಸುಪಾಸಿನಷ್ಟು ವಿಮಾನಗಳನ್ನು ಆರಿಸಿ, ಹೇಗೋ ಹಾರುವಂತೆ ಮಾಡಿ, ಬೆಂಗಳೂರಿಗೆ ತಂದು ಸಜ್ಜುಗೊಳಿಸಿದವರು ಈ ಕಾರ್ಖಾನೆಯವರು. 1948ರಿಂದ ಅವು ಭಾರತೀಯ ವಾಯುಪಡೆಯಲ್ಲಿ ದುಡಿದು 1968ರಲ್ಲಿ ನಿವೃತ್ತವಾದವು. ಆಮೇಲೆ ಅವುಗಳಲ್ಲಿ ಕೆಲವು ಬ್ರಿಟನ್, ಅಮೆರಿಕ ಮತ್ತು ಕೆನಡಾದ ವಸ್ತುಸಂಗ್ರಹಾಲಯಗಳಿಗೆ ಸಂದವು. ಒಂದಂತೂ ಅಮೆರಿಕದಲ್ಲಿ ಜೀರ್ಣೋದ್ಧಾರಗೊಂಡು ಹಲವು ವರ್ಷ ವೈಮಾನಿಕ ಪ್ರದರ್ಶನಗಳಲ್ಲಿ ಹಾರಿತು. ಗುಜರಿಯೆಂದು ಬಿಟ್ಟದ್ದು ಎರಡು ದಶಕ ದೇಶ ಕಾಯಿತು. ಬಳಿಕ ಪರದೇಶಗಳಲ್ಲಿ ಅಮೂಲ್ಯ ವಸ್ತುವಾಯಿತು.

ಇಂದಿನ ಸ್ಥಿತಿ ಇದಕ್ಕೆ ವಿರುದ್ಧವಾಗಿದೆ. ವಾಯುಪಡೆಯ ಪಾರಂಪರಿಕ ಹಾರಾಟಕ್ಕೆ 2018ರಲ್ಲಿ ಸೇರಿದ ‘ಪರಶುರಾಮ’ ಹೆಸರಿನ ಡಕೋಟಾ ವಿಮಾನವನ್ನು ರಾಜೀವ್ ಚಂದ್ರಶೇಖರ್ ಅವರು ಕಾಣಿಕೆಯಾಗಿ ಕೊಟ್ಟರು. ಅವರ ತಂದೆಯವರು ವಾಯುಪಡೆಯಲ್ಲಿ ಡಕೋಟಾ ಚಾಲಕರಾಗಿದ್ದವರು. 1947ರ ಅಕ್ಟೋಬರ್ 27ರಂದು ಶ್ರೀನಗರಕ್ಕೆ ನಮ್ಮ ಸೈನಿಕರನ್ನು ಇಳಿಸಿದ ಡಕೋಟಾಗಳ ನೆನಪು ಹೀಗೆ ಉಳಿದದ್ದು ಸಂತೋಷದ ಸಂಗತಿಯೇ. ಆದರೆ ಅದರ ಜೀರ್ಣೋದ್ಧಾರ ನಡೆದದ್ದು ಇಂಗ್ಲೆಂಡಿನಲ್ಲಿ. ವಾಯುಪಡೆಯ ಹಳೆಯ ಟೈಗರ್ ಮಾತ್ ತರಬೇತಿ ವಿಮಾನವು ಸಜ್ಜಾದುದೂ ಅಲ್ಲಿಯೇ. ಡಕೋಟಾಗಳನ್ನು ಯುದ್ಧಕಾಲದಲ್ಲಿಯೇ ದುರಸ್ತಿ ಮಾಡುತ್ತಿದ್ದ ಊರಿನವರು ನಾವು. ಕೂಲಿಯ ಹಣ ಸಂದದ್ದು ಹೊರದೇಶಕ್ಕೆ.

ಹಳೆಯ ವಿಮಾನದ ಜೀರ್ಣೋದ್ಧಾರವು ಬೃಹತ್ ಯಂತ್ರಗಳಿಗಿಂತ ಹೆಚ್ಚಾಗಿ ಕೈಕೆಲಸವನ್ನು ಬೇಡುತ್ತದೆ. ಅಲ್ಯೂಮಿನಿಯಂ ತಗಡನ್ನು ಬಾಗಿಸುವುದು, ರಿವೆಟ್ ಹೊಡೆಯುವುದು, ತಯಾರಿಕೆ ನಿಂತುಹೋದ ಬಿಡಿಭಾಗವನ್ನು ಒಂದೆರಡರ ಲೆಕ್ಕದಲ್ಲಿ ಕಡೆದುಕೊಡುವುದು, ಮರಗೆಲಸ, ಆಸನದ ಹೊಲಿಗೆ ಇವೆಲ್ಲ ಸಣ್ಣ ಕಾರ್ಖಾನೆಗೆ ಹೊಂದುವ ಕೆಲಸಗಳು. ಟೈಗರ್ ಮಾತ್‌ನ ರೆಕ್ಕೆ ಮರದ ಚೌಕಟ್ಟಿನ ಮೇಲೆ ಬಟ್ಟೆ ಬಿಗಿದು, ಅರಗಿನಂಥ ಲೇಪ ಬಳಿದು ಮಾಡಿದ್ದು. ನೇಕಾರರ ಊರಾದ ದೊಡ್ಡಬಳ್ಳಾಪುರಕ್ಕೆ ಇದು ಯೋಚಿಸತಕ್ಕ ವಿಷಯವಲ್ಲವೇ?

ಸೀರೆ ನೇಯುವ ಮಗ್ಗದಲ್ಲಿ ನಾಳೆಯೇ ವಿಮಾನದ ಬಟ್ಟೆ ನೇಯಬಹುದೆಂದು ನಾನು ಹೇಳುತ್ತಿಲ್ಲ. ಹಾರುವ ವಿಮಾನದ ಪ್ರತಿಯೊಂದು ಭಾಗಕ್ಕೂ ಪರೀಕ್ಷೆ, ಪ್ರಮಾಣಪತ್ರ, ಮೂಲದಿಂದ ಕೊನೆಯವರೆಗಿನ ದಾಖಲೆ ಬೇಕು. ಬೇಡಿಕೆಯ ಪ್ರಮಾಣವೂ ಅಲ್ಪ. ಇದನ್ನೇ ನಂಬಿ ಸಾಲ ಮಾಡುವುದು ವಿವೇಕವಲ್ಲ. ಆದರೆ ಪ್ರದರ್ಶನಕ್ಕೆಂದು ನಿಲ್ಲಿಸಿದ, ಹಾರದ ವಿಮಾನಗಳಿಗೆ ಹಾರಾಟದ ಪ್ರಮಾಣಪತ್ರ ಬೇಕಿಲ್ಲ. ಬಿಸಿಲುಮಳೆಗೆ ತುಕ್ಕು ಹಿಡಿಯುವ ಅಂಥ ವಿಮಾನಗಳಿಂದ ಕೆಲಸ ಕಲಿಯಬಹುದು. ಇಲ್ಲಿ ಕಲಿತ ದಾಖಲೆಯ ಶಿಸ್ತು, ದೇವನಹಳ್ಳಿಯ ಏರೋಸ್ಪೇಸ್ ಪಾರ್ಕಿನ ಉದ್ಯಮಗಳಿಗೆ ಬಿಡಿಭಾಗ ಪೂರೈಸಲು ಹೊರಟಾಗ ಖಂಡಿತ ಉಪಯೋಗಕ್ಕೆ ಬರುತ್ತದೆ.

ಛಾಯಾಗ್ರಾಹಕರ ಸಂಗ್ರಹಗಳಿಗೂ ಇಲ್ಲಿ ಮಹತ್ವವಿದೆ. ವಿಮಾನಕ್ಕೆ ಮೂಲದ ಬಣ್ಣ, ಸಂಖ್ಯೆ, ಲಾಂಛನಗಳನ್ನು ಮರಳಿ ಕೊಡುವಾಗ ಹಳೆಯ ಛಾಯಾಚಿತ್ರವೇ ಆಧಾರ. ವಾಯುಪಡೆಯ ನೆಲೆಯಲ್ಲಿ ಸಾಮಾನ್ಯ ದಿನಗಳಲ್ಲಿ ಚಿತ್ರ ತೆಗೆಯುವಂತಿಲ್ಲವಾದ್ದರಿಂದ, ಪ್ರದರ್ಶನದ ದಿನಗಳಲ್ಲಿ ತೆಗೆದ ಚಿತ್ರಗಳಿಗೆ ಮತ್ತಷ್ಟು ಬೆಲೆ.

ಆದುದರಿಂದ ನಮ್ಮ ವಾಣಿಜ್ಯ ಸಂಸ್ಥೆಯು ಮೂರು ಕೆಲಸಗಳನ್ನು ಕೈಗೊಳ್ಳುವುದು ಸೂಕ್ತ. ತಗಡು, ಮರ, ಬಟ್ಟೆ, ಯಂತ್ರಭಾಗಗಳ ಕುಶಲತೆಯುಳ್ಳ ಸದಸ್ಯರ ಪಟ್ಟಿಯೊಂದನ್ನು ಸಿದ್ಧಪಡಿಸಬೇಕು. 2001ರಲ್ಲಿ ಆರಂಭವಾದ ಬೆಂಗಳೂರಿನ ಎಚ್‌ಎಎಲ್ ಪಾರಂಪರಿಕ ಕೇಂದ್ರಕ್ಕೆ ಸದಸ್ಯರನ್ನು ಕರೆದೊಯ್ದು, ಇಲ್ಲಿಯೇ ನಿರ್ಮಿತವಾದ ಮಾರುತ್ ಮೊದಲಾದ ವಿಮಾನಗಳನ್ನು ತೋರಿಸಿ, ಅಲ್ಲಿನವರೊಡನೆ ಸಮಾಲೋಚಿಸಬೇಕು. ನಿವೃತ್ತ ತಂತ್ರಜ್ಞರಿಂದ ತರಬೇತಿ ಶಿಬಿರವೊಂದನ್ನು ಏರ್ಪಡಿಸಬೇಕು. ಇವು ಯಾವುದಕ್ಕೂ ಭಾರಿ ಬಂಡವಾಳ ಬೇಕಿಲ್ಲ. ಕೈಕಸುಬು ಬಲ್ಲ ಹಿರಿಯರು ನಮ್ಮೊಡನೆ ಇರುವಾಗಲೇ ಅವರ ವಿದ್ಯೆಯನ್ನು ಪಡೆದುಕೊಳ್ಳಬೇಕು. ಆ ವಿದ್ಯೆ ಒಮ್ಮೆ ಹೋದರೆ ಯಾವ ಬೆಲೆ ತೆತ್ತರೂ ಮರಳಿ ಬಾರದು.