ಕಾರಿನ ಮುಳ್ಳು ಸುಳ್ಳಾಡಿದರೆ

ಅಂಕೋಲೆಯ ಕಡಲತೀರದಲ್ಲಿ ಎರಡು ದಿನ ಕಳೆದು ಚಿಗಳ್ಳಿಗೆ ಮರಳುವ ಕುಟುಂಬವೊಂದನ್ನು ಕಲ್ಪಿಸಿಕೊಳ್ಳಬಹುದು. ಕಾರು ಹಳೆಯ ಅಂಬಾಸಿಡರ್. ಹಿಂದಿನ ಸೀಟಿನಲ್ಲಿ ಅಜ್ಜಿ, ಮೊಮ್ಮಕ್ಕಳು. ಅರಬೈಲು ಘಟ್ಟದ ಏರಿನಲ್ಲಿ ಉಷ್ಣತೆಯ ಮುಳ್ಳು ಮೇಲೇರುತ್ತ ಹೋಗಿ, ಇದ್ದಕ್ಕಿದ್ದಂತೆ ಕೆಳಕ್ಕೆ ಬೀಳುತ್ತದೆ. ಎಂಜಿನ್ನು ತಣಿಯಿತೆಂದು ಯಜಮಾನರು ನಿಟ್ಟುಸಿರು ಬಿಡುತ್ತಾರೆ. ಗಾಬರಿಪಡಬೇಕಾದ ಗಳಿಗೆ ಅದೇ ಆಗಿರಬಹುದು.

ಶಾಖವನ್ನು ಅಳೆಯುವ ಪುಟ್ಟ ಸಾಧನವು ಎಂಜಿನ್ನಿನ ನೀರಿನಲ್ಲಿ ಮುಳುಗಿರಬೇಕು. ನೀರು ಸೋರಿಹೋದರೆ ಅದು ಬರಿಯ ಗಾಳಿಯಲ್ಲೋ ಹಬೆಯಲ್ಲೋ ನಿಂತು, ಇಲ್ಲದ ತಂಪನ್ನು ತೋರಿಸಬಲ್ಲುದು. ಆದ್ದರಿಂದ ಘಟ್ಟದಲ್ಲಿ ಮುಳ್ಳು ಹೀಗೆ ಕುಸಿದರೆ ಕಾರನ್ನು ಬದಿಗೆ ನಿಲ್ಲಿಸಿ ಎಂಜಿನ್ನನ್ನು ಆರಿಸತಕ್ಕದ್ದು. ಪೂರ್ತಿ ತಣಿಯುವ ತನಕ ರೇಡಿಯೇಟರಿನ ಮುಚ್ಚಳಕ್ಕೆ ಕೈಯಿಡಲೇಬಾರದು. ಅಜ್ಜಿಗೆ ಹೊತ್ತಾಗುತ್ತದೆಂಬ ಅವಸರಕ್ಕೆ ಸುಟ್ಟ ಕೈಗಳು ಸಾಕಷ್ಟಿವೆ.

ಇದಕ್ಕೆ ವಿರುದ್ಧವಾದ ಪ್ರಸಂಗವೂ ಉಂಟು. ಹಬೆಯಿಲ್ಲ, ವಾಸನೆಯಿಲ್ಲ, ನೀರು ಸರಿಯಾಗಿದೆ. ಆದರೂ ಮುಳ್ಳು ಕೆಂಪಿನಲ್ಲೇ ನಿಂತಿರುತ್ತದೆ. ಇಂಥಲ್ಲಿ ಹೆಡ್ ಗ್ಯಾಸ್ಕೆಟ್ಟನ್ನು ಬಿಚ್ಚಿಸಿ ಹಣ ಕಳೆಯುವ ಮೊದಲು ಪೆಟ್ರೋಲಿನ ಮುಳ್ಳನ್ನೊಮ್ಮೆ ನೋಡಬೇಕು. ಅದೂ ಇರುವುದಕ್ಕಿಂತ ಹೆಚ್ಚು ತೋರಿಸುತ್ತಿದೆಯೆ? ಬ್ರಿಟಿಷ್ ಮಾದರಿಯ ಎಷ್ಟೋ ಹಳೆಯ ಕಾರುಗಳಲ್ಲಿ ಈ ಎರಡು ಗೇಜುಗಳಿಗೂ ಒಂದೇ ಸ್ಟೆಬಿಲೈಸರ್ ಇರುತ್ತದೆ. 12 ವೋಲ್ಟಿನ ವಿದ್ಯುತ್ತನ್ನು ಸುಮಾರು 10 ವೋಲ್ಟಿನಷ್ಟಕ್ಕೆ ಇಳಿಸಿಕೊಡುವುದು ಅದರ ಕೆಲಸ. ಅದು ಕೆಟ್ಟರೆ, ಅಥವಾ ಅದರ ಅರ್ತ್ ಸಡಿಲವಾದರೆ, ಎರಡು ಮುಳ್ಳುಗಳೂ ಒಟ್ಟಿಗೆ ಮೇಲೇರುತ್ತವೆ. ಎರಡೂ ಒಟ್ಟಿಗೆ ಸತ್ತು ಬಿದ್ದರೂ ಫ್ಯೂಸಿನ ಬಳಿಕ ಶಂಕೆ ಹೋಗಬೇಕಾದದ್ದು ಅದರ ಮೇಲೆಯೇ.

ಒಂದೇ ಮುಳ್ಳು ಕೆಟ್ಟಿದ್ದರೆ ವಿಚಾರಣೆ ಬೇರೆ. ಪೆಟ್ರೋಲಿನದೇ ಉದಾಹರಣೆ. ಟ್ಯಾಂಕಿನೊಳಗಿನ ಫ್ಲೋಟಿನಿಂದ ಗೇಜಿಗೆ ಹೋಗುವ ತಂತಿಯನ್ನು ಬಿಚ್ಚಿ, ಚಾವಿ ತಿರುಗಿಸಿ, ಮುಳ್ಳು ಎಲ್ಲಿ ನಿಲ್ಲುವುದೆಂದು ನೋಡಬೇಕು. ಚಾವಿ ಆರಿಸಿ, ಅದೇ ತಂತಿಗೆ ಉದ್ದನೆಯ ಇನ್ನೊಂದು ತಂತಿ ಸೇರಿಸಿ, ಟ್ಯಾಂಕಿನಿಂದ ದೂರದಲ್ಲಿ ಕಾರಿನ ಬರಿಯ ಲೋಹಕ್ಕೆ ಬಿಗಿದು, ಕೆಲವೇ ಕ್ಷಣ ಮತ್ತೆ ಚಾವಿ ಹಾಕಬೇಕು. ಮೊದಲು ಬಿಗಿದು ಆಮೇಲೆ ಚಾವಿ. ಟ್ಯಾಂಕಿನ ಬಳಿ ಕಿಡಿಯೇಳಬಾರದೆಂಬುದೇ ಈ ಕ್ರಮದ ಕಾರಣ. ಮುಳ್ಳು ಒಂದು ತುದಿಯಿಂದ ಇನ್ನೊಂದು ತುದಿಗೆ ಸರಿದರೆ ಗೇಜೂ ತಂತಿಯೂ ನಿರ್ದೋಷಿಗಳು. ತಪ್ಪು ಫ್ಲೋಟಿನದು, ಇಲ್ಲವೆ ಅದರ ಅರ್ತಿನದು. ಸರಿಯದಿದ್ದರೆ ಗೇಜಿನ ಹಿಂಬದಿಯಲ್ಲಿ ಅದೇ ಪರೀಕ್ಷೆ ನಡೆಸಬೇಕು. ಅಲ್ಲಿ ಸರಿದರೆ ನಡುವೆ ಎಲ್ಲೋ ತಂತಿ ತುಂಡಾಗಿದೆ. ಕೆಲವು ಕಾರುಗಳಲ್ಲಿ ತಂತಿ ಬಿಚ್ಚಿದರೆ ಮುಳ್ಳು ‘ಖಾಲಿ’ ಎನ್ನುತ್ತದೆ, ಇನ್ನೂ ಹಳೆಯವುಗಳಲ್ಲಿ ‘ಭರ್ತಿ’ ಎನ್ನುತ್ತದೆ, ಎರಡೂ ಸಹಜವೇ.

ಮುಂಡಗೋಡ ಸೀಮೆಯಂಥ ಮಳೆಯ ನಾಡಿನಲ್ಲಿ ಹೊಸ ಗೇಜು ಕೊಳ್ಳುವ ಮೊದಲು ಉಪ್ಪುಕಾಗದ ಕೊಳ್ಳುವುದು ಮೇಲು. ಅರ್ತ್ ತಂತಿಯು ಲೋಹಕ್ಕೆ ಸೇರುವಲ್ಲಿ ತುಕ್ಕು ಹಿಡಿದರೆ ಮುಳ್ಳುಗಳು ಹುಚ್ಚುಹುಚ್ಚಾಗಿ ನಡೆದುಕೊಳ್ಳುತ್ತವೆ. ರಾತ್ರಿ ದೊಡ್ಡ ದೀಪ ಹಾಕಿದೊಡನೆ ಪೆಟ್ರೋಲಿನ ಮುಳ್ಳು ಜಿಗಿದರೆ ರೋಗ ಅಲ್ಲೇ ಇರುವ ಸಂಭವ ಹೆಚ್ಚು.

ಎಣ್ಣೆಯ ಒತ್ತಡದ ಗೇಜಿನ ವಿಷಯದಲ್ಲಿ ಮಾತ್ರ ಇಂಥ ಸಾವಧಾನ ಸಲ್ಲದು. ಮುಳ್ಳು ಸೊನ್ನೆಗೆ ಬಿದ್ದರೆ ಆ ಕ್ಷಣವೇ ಎಂಜಿನ್ನನ್ನು ಆರಿಸಿ ಎಣ್ಣೆಯ ಮಟ್ಟ ನೋಡಬೇಕು. ಮಟ್ಟ ಸರಿಯಿದ್ದರೂ, ಮೆಕ್ಯಾನಿಕ್ಕನು ತನ್ನ ಪ್ರತ್ಯೇಕ ಗೇಜನ್ನು ಎಂಜಿನ್ನಿಗೇ ಜೋಡಿಸಿ ಅಳೆಯುವವರೆಗೆ ಕಾರನ್ನು ಓಡಿಸಕೂಡದು.

ಇನ್ನು ವೇಗದ ಮುಳ್ಳು. ಅದು ಎಡಬಿಡದೆ ನಡುಗುತ್ತಿದ್ದರೆ ಬಹುಮಟ್ಟಿಗೆ ಕೇಬಲ್ಲು ಒಣಗಿದೆ, ಇಲ್ಲವೆ ಎಲ್ಲೋ ಮಡಿಚಿಕೊಂಡಿದೆ. ಗ್ರೀಸು ಸವರುವಾಗ ಮೀಟರಿನ ಕಡೆಯ ಐದಾರು ಅಂಗುಲವನ್ನು ಒಣದಾಗಿಯೇ ಬಿಡಬೇಕು. ಇಲ್ಲವಾದರೆ ಗ್ರೀಸು ಕೇಬಲ್ಲಿನ ಸುತ್ತಿನ ಜೊತೆ ಮೇಲೇರಿ ಮೀಟರಿನ ಒಳಗನ್ನೇ ಸೇರುತ್ತದೆ.