ಕಾಡಿನ ಗುಡಾರದಲ್ಲಿ ಎರಡು ರಾತ್ರಿ

ಮನೆಗೆ ಗೋಡೆ ಬೇಕು, ಗೋಡೆಯಿಲ್ಲದೆ ಸಂಸಾರವಿಲ್ಲ. ಆದರೆ ಆ ಗೋಡೆ ಎಷ್ಟು ದಪ್ಪವಿರಬೇಕೆಂದು ಅರವತ್ತು ದಾಟಿದರೂ ನಾವು ಯೋಚಿಸಿರಲಿಲ್ಲ. ಕಳೆದ ಮಾರ್ಗಶಿರ ಮಾಸದಲ್ಲಿ ದಾಂಡೇಲಿಯ ಅರಣ್ಯದಲ್ಲಿ ತಂಗಿದ ಎರಡು ರಾತ್ರಿಗಳು ನಮ್ಮನ್ನು ಯೋಚನೆಗೆ ಹಚ್ಚಿದವು.

ಬೈಲಹೊಂಗಲದಲ್ಲಿರುವ ನಮ್ಮ ತಮ್ಮನ ಮಕ್ಕಳಿಬ್ಬರು, ತಂದೆ ಲಿಂಗೈಕ್ಯರಾದ ಮೇಲೆ ಹೊಲವನ್ನು ಹಂಚಿಕೊಂಡರು. ಹಂಚಿಕೆ ಶಾಂತವಾಗಿಯೇ ನಡೆಯಿತು. ಅನಂತರ ಬದುವಿನ ಮೇಲಿನ ಒಂದು ಬೇವಿನ ಮರದ ಕಾರಣಕ್ಕೆ ಮಾತು ನಿಂತಿತು. ಒಂದೇ ಓಣಿಯಲ್ಲಿದ್ದೂ ಎರಡು ವರ್ಷ ಒಬ್ಬರ ಹೊಸ್ತಿಲನ್ನು ಇನ್ನೊಬ್ಬರು ತುಳಿಯಲಿಲ್ಲ. ಮಕ್ಕಳು ಮಾತ್ರ ಕೂಡಿಯೇ ಬಂದು, “ಅಜ್ಜಾ, ನಮಗ ಕಾಡು ತೋರಸ್ರಿ” ಎಂದು ಹಟ ಹಿಡಿದರು. ಎರಡೂ ಮನೆಯವರು ಹೊರಟರೆ ಮಾತ್ರ ನಾವು ಬರುವೆವೆಂದು ಹೇಳಿದೆವು. ಹಿರಿಯರ ಮಾತನ್ನು ಮೀರಲಾಗದೆ ಇಬ್ಬರೂ ಹೊರಟರು, ಬೇರೆ ಬೇರೆ ವಾಹನಗಳಲ್ಲಿ.

ಕಿತ್ತೂರು, ಧಾರವಾಡ, ಹಳಿಯಾಳಗಳ ಮಾರ್ಗವಾಗಿ ದಾಂಡೇಲಿಯನ್ನು ಸೇರಿ, ಅಲ್ಲಿಂದ ಮುಂದೆ ಕುಳಗಿಯಲ್ಲಿರುವ ಅರಣ್ಯ ಇಲಾಖೆಯ ನಿಸರ್ಗ ಶಿಬಿರಕ್ಕೆ ಹೋದೆವು. 1956ರಲ್ಲಿ ಸ್ಥಾಪಿತವಾದ ದಾಂಡೇಲಿ ಅಭಯಾರಣ್ಯವನ್ನೂ 1987ರಲ್ಲಿ ಘೋಷಿತವಾದ ಅಣಶಿ ರಾಷ್ಟ್ರೀಯ ಉದ್ಯಾನವನ್ನೂ ಕೂಡಿಸಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವನ್ನಾಗಿ ಮಾಡಲಾಯಿತು. 2015ರಿಂದ ಅದಕ್ಕೆ ಕಾಳಿ ನದಿಯ ಹೆಸರು. ಸವದತ್ತಿ, ರಾಮದುರ್ಗಗಳ ಕಡೆಗೆ ಹರಿದು ಬರುವ ನಮ್ಮ ಮಲಪ್ರಭೆಯೂ ಇದೇ ಸಹ್ಯಾದ್ರಿಯ ಕಣಕುಂಬಿಯಲ್ಲಿ ಹುಟ್ಟುವಳು. ಎರೆ ಸೀಮೆಯ ನಮಗೆ ಕಾಡು ದೂರವಾದರೂ ಅದರ ಋಣ ದೂರದ್ದಲ್ಲ.

ಮರಗಳ ನಡುವೆ ಸಾಲಾಗಿ ಗುಡಾರಗಳು. ಒಳಗೆ ಮಂಚ, ಹಾಸಿಗೆ, ಗೋಡೆಯೆಲ್ಲ ಬಟ್ಟೆ. ಸೊಸೆಯಂದಿರು ಮೊದಲು ಮುಖ ಮುಖ ನೋಡಿದರು. ಎಲ್ಲಮ್ಮನ ಜಾತ್ರೆಗೆ ಚಕ್ಕಡಿ ಹೂಡಿಕೊಂಡು ಹೋಗಿ ಗಾಡಿಯ ಕೆಳಗೆ ಮಲಗುತ್ತಿದ್ದವರ ಮೊಮ್ಮಕ್ಕಳು ನೀವೆಂದು ನೆನಪಿಸಿದ ಮೇಲೆ ನಕ್ಕರು.

ಮೊದಲ ದಿನವೇ ನಮ್ಮದೇ ತಪ್ಪಿನಿಂದ ನಷ್ಟವಾಯಿತು. ರೊಟ್ಟಿ, ಶೇಂಗಾ ಹೋಳಿಗೆಗಳ ಗಂಟನ್ನು ಗುಡಾರದಲ್ಲಿಟ್ಟು ಹೊಳೆ ನೋಡಲು ಹೋಗಿದ್ದೆವು; ಬರುವಷ್ಟರಲ್ಲಿ ಮಂಗಗಳು ಊಟ ಮುಗಿಸಿದ್ದವು. ಮನುಷ್ಯರ ಆಹಾರದ ರುಚಿ ಹತ್ತಿದ ಪ್ರಾಣಿ ಕಾಡಿನಲ್ಲಿ ಹುಡುಕಿ ತಿನ್ನುವುದನ್ನು ಬಿಟ್ಟು ಜನರ ಬೆನ್ನು ಹತ್ತುವುದೆಂದು ಕಾವಲುಗಾರರು ತಿಳಿಹೇಳಿದರು. ಆ ರಾತ್ರಿ ಒಂದು ಮನೆಯ ಬುತ್ತಿ ಎರಡು ಮನೆಗೆ ಆಯಿತು. ಆದರೂ ಅಣ್ಣತಮ್ಮಂದಿರು ಮಾತನಾಡಲಿಲ್ಲ.

ನಡುರಾತ್ರಿ ಸಮೀಪದಲ್ಲಿಯೇ ನಾಯಿ ಬೊಗಳಿದಂಥ ಸದ್ದು, ಮತ್ತೆ ಮತ್ತೆ. ಅಣ್ಣನ ಗುಡಾರದಲ್ಲಿ ಕಿರಿಯ ಮಗಳು ಅಳತೊಡಗಿದಳು. ಕಲ್ಲಿನ ಗೋಡೆಯಾಗಿದ್ದರೆ ಆ ಅಳು ಅಲ್ಲಿಯೇ ಉಳಿಯುತ್ತಿತ್ತು. ಬಟ್ಟೆಯ ಗೋಡೆ ಅದನ್ನು ತಡೆಯಲಿಲ್ಲ. ಪಕ್ಕದ ಗುಡಾರದಿಂದ ತಮ್ಮನ ಧ್ವನಿ ಕೇಳಿತು: “ಅಂಜಬ್ಯಾಡವ್ವಾ, ಅದು ಕಾಡಕುರಿ. ಜಿಂಕಿ ಜಾತಿದು, ಹಂಗ ಬೊಗಳತೈತಿ.”

“ಕಾಕಾ, ಅದು ಒಳಗ ಬರತೈತೇನು?”

“ಬರೂದಿಲ್ಲ. ನಾ ಎಚ್ಚರ ಅದೀನಿ, ನೀ ಮಲಕೋ.”

ಸ್ವಲ್ಪ ಹೊತ್ತಿನ ಮೇಲೆ ಅಣ್ಣನ ಧ್ವನಿ: “ನೀನೂ ಮಲಕೋ ತಮ್ಮಾ. ನಾ ಕುಂತೀನಿ.” ಎರಡು ವರ್ಷಗಳಲ್ಲಿ ಅದು ಮೊದಲ ಮಾತು. ನಾವು ಕತ್ತಲೆಯಲ್ಲಿ ಸುಮ್ಮನೆ ಮಲಗಿದ್ದೆವು, ಕಣ್ಣು ಒದ್ದೆಯಾಗಿದ್ದವು.

ಮರುದಿನ ಮಂಗಟ್ಟೆ ಹಕ್ಕಿಗಳನ್ನು ಕಂಡೆವು. ಈ ಸೀಮೆಯಲ್ಲಿ ಅವುಗಳ ನಾಲ್ಕು ಜಾತಿಗಳಿವೆ. ಮೊಟ್ಟೆಯಿಡುವ ಕಾಲಕ್ಕೆ ಹೆಣ್ಣು ಹಕ್ಕಿ ಮರದ ಪೊಟರೆಯನ್ನು ಹೊಕ್ಕು, ತನ್ನ ಹಿಕ್ಕೆ ಮುಂತಾದವುಗಳಿಂದ ಬಾಗಿಲನ್ನು ಮುಚ್ಚಿಕೊಳ್ಳುವುದು. ಒಂದು ಕಿರಿದಾದ ಸೀಳನ್ನು ಮಾತ್ರ ಉಳಿಸುವುದು. ವಾರಗಟ್ಟಲೆ ಗಂಡು ಹಕ್ಕಿ ಅತ್ತಿ, ಆಲಗಳ ಹಣ್ಣನ್ನು ತಂದು ಆ ಸೀಳಿನಿಂದಲೇ ಉಣಿಸುವುದು. ಗೋಡೆ ಶತ್ರುವಿನಿಂದ ಕಾಯುತ್ತದೆ, ಸೀಳು ಬದುಕಿಸುತ್ತದೆ. ಸೀಳನ್ನೂ ಮುಚ್ಚಿದರೆ ಆ ಪೊಟರೆಯೇ ಗೋರಿ.

ಹಂಚಿಕೆ ಪಾಪವಲ್ಲ. ಬೆಳೆದ ಸಂಸಾರಗಳಿಗೆ ಬದು ಬೇಕು, ಬಾಗಿಲೂ ಬೇಕು. ಆದರೆ ಅಳುವ ಮಗುವಿನ ಧ್ವನಿ ಆಚೆ ಮನೆಗೆ ಕೇಳದಷ್ಟು ದಪ್ಪ ಗೋಡೆಯನ್ನು ಯಾರೂ ಕಟ್ಟಬಾರದು.

ಊರಿಗೆ ಬಂದ ಮೇಲೆ ಬೇವಿನ ಮರದ ತಕರಾರು ತೀರಿತೆಂದು ಹೇಳಲಾರೆವು. ಅದು ಇನ್ನೂ ಹಾಗೆಯೇ ಇದೆ. ಆದರೆ ಎಳ್ಳ ಅಮಾವಾಸ್ಯೆಯ ದಿನ ಎರಡೂ ಮನೆಯವರು ಹೊಲಕ್ಕೆ ಚರಗ ಚೆಲ್ಲಿ ಊಟಕ್ಕೆ ಕುಳಿತದ್ದು ಅದೇ ಮರದ ನೆರಳಿನಲ್ಲಿ. ನಮ್ಮ ಎಲೆಗೆ ಎರಡೂ ಮನೆಯ ಹೋಳಿಗೆ ಬಿದ್ದವು.

ಓದುಗ ಬಂಧುಗಳೇ, ನಿಮ್ಮ ಮನೆಗಳಲ್ಲಿಯೂ ಮಾತು ನಿಂತಿದ್ದರೆ, ಒಂದೆರಡು ರಾತ್ರಿ ತೆಳುವಾದ ಗೋಡೆಯ ಕೆಳಗೆ ಕೂಡಿ ಮಲಗಿ ನೋಡಿರಿ. ಬುತ್ತಿಯನ್ನು ಮಾತ್ರ ಗುಡಾರದಲ್ಲಿಡಬೇಡಿರಿ.