ಕಾಣದ ಆಳದ ಭಯ

ಮುರಗೋಡದಂಥ ಊರುಗಳಲ್ಲಿ ಬೆಂಡು ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿತವರು, ಕಾಲಿಗೆ ನಿಲುಕದ ತಳದ ಅಂಜಿಕೆಯನ್ನು ಬಲ್ಲರು. 2018ರಲ್ಲಿ ಪೂರ್ಣರೂಪದಲ್ಲಿ ಹೊರಬಂದ ‘ಸಬ್‌ನಾಟಿಕಾ’ ಎಂಬ ವೀಡಿಯೋ ಆಟಕ್ಕೆ ಈ ಅಂಜಿಕೆಯೇ ಬಂಡವಾಳ. ಅನ್ಯಗ್ರಹದ ಕಡಲಿನಲ್ಲಿ ಸಿಲುಕಿದ ಆಟಗಾರನು ಉಸಿರನ್ನು ಲೆಕ್ಕವಿಟ್ಟು ಮುಳುಗಬೇಕು. ಮಸುಕು ನೀರಿನಾಚೆ ‘ರೀಪರ್’ ಎಂಬ ದೈತ್ಯಜಂತುವಿನ ಗರ್ಜನೆ ಕೇಳುತ್ತದೆ. ಮೈ ಮಾತ್ರ ಕಾಣದು. ಆ ಕ್ಷಣವೇ ಭಯಾನಕ. ಎದುರಿಗೆ ಬಂದು ನಿಂತ ಮೇಲೆ ಅದರ ಅರ್ಧ ಬಲ ಇಳಿದುಹೋಗುತ್ತದೆಂದೇ ನಮ್ಮ ಎಣಿಕೆ. ಭಯಾನಕ ರಸದ ವಿಭಾವಗಳನ್ನು ಹೇಳುವಾಗ ಭರತನು ವಿಕೃತ ಧ್ವನಿಯನ್ನೇ ಮೊದಲು ಹೆಸರಿಸಿದ್ದು ಸುಮ್ಮನೆ ಅಲ್ಲ.

ಆಟಗಳೆಂದರೆ ಬರಿಯ ಗುಂಡಿನ ಕಾಳಗವೆಂದು ಮೂಗು ಮುರಿಯುವ ಉಪಾಧ್ಯಾಯರು ಒಂದು ಸಂಗತಿಯನ್ನು ಗಮನಿಸಬೇಕು. 2012ರಲ್ಲಿ ಅಮೆರಿಕದ ಸ್ಯಾಂಡಿ ಹುಕ್ ಶಾಲೆಯಲ್ಲಿ ನಡೆದ ಮಕ್ಕಳ ಹತ್ಯೆಯಿಂದ ಮನನೊಂದ ನಿರ್ಮಾತೃ ಚಾರ್ಲಿ ಕ್ಲೀವ್‌ಲೆಂಡ್ ಈ ಆಟದಲ್ಲಿ ಬಂದೂಕನ್ನೇ ಇಡಲಿಲ್ಲ. ಬಂದೂಕಿದ್ದಿದ್ದರೆ ಭಯವು ಬೇಟೆಯಾಗಿ ಮುಗಿದುಹೋಗುತ್ತಿತ್ತು. ಈಗ ಓಡಬೇಕು, ಇಲ್ಲವೆ ಅಡಗಬೇಕು.

ನಮ್ಮ ಸವದತ್ತಿಯ ರೇಣುಕಾಸಾಗರದ ಅಡಿಯಲ್ಲಿಯೂ ಮಲಪ್ರಭೆಯ ಹಿನ್ನೀರಿಗೆ ಮುಳುಗಿದ ಊರುಗಳಿವೆ. ಕನ್ನಡದ ತರುಣನೊಬ್ಬನು ಅಲ್ಲಿಗೆ ಆಟಗಾರನನ್ನು ಇಳಿಸಿದರೆ ದೈತ್ಯಜಂತು ಬೇಕಾಗದು. ಕೆಸರಿನೊಳಗೆ ಕೈಗೆ ತಾಗುವ ಒಂದು ಹೊಸ್ತಿಲು ಸಾಕು.